ಬೋಸ್ಟನ್ನಿನ ಜಾಮೀನುದಾರ ಮತ್ತು ಅವನ ವಾರಸುದಾರರು

ಮನೋರೋಗದಿಂದಲೋ, ಮದ್ಯ ಇಲ್ಲವೆ ಮಾದಕವಸ್ತುಗಳ ಚಟದಿಂದಲೋ ಬಳಲುತ್ತ ಪೊಲೀಸು, ನ್ಯಾಯಾಲಯ, ಸೆರೆಮನೆಗಳ ಸುತ್ತಿನಲ್ಲಿ ಸಿಲುಕಿದ ವಯಸ್ಕರಿಗೆ ಚಿಕಿತ್ಸೆ, ವಸತಿ, ಉದ್ಯೋಗಗಳನ್ನು ಹೊಂದಿಸಿಕೊಟ್ಟು, ವಾಯಿದೆಯ ದಿನ ಅವರು ನ್ಯಾಯಾಲಯಕ್ಕೆ ಹಾಜರಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಒಬ್ಬ ಕಾರ್ಯಕರ್ತನಿಗೆ ಒಪ್ಪಿಸುವ ಪದ್ಧತಿಯನ್ನು ಅಮೆರಿಕದಲ್ಲಿ ಕೇಸ್ ಮ್ಯಾನೇಜ್‌ಮೆಂಟ್, ಎಂದರೆ ಪ್ರಕರಣ ನಿರ್ವಹಣೆ, ಎನ್ನುತ್ತಾರೆ. ಈ ಹೆಸರು ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಾದರೂ ಕೆಲಸ ಅದಕ್ಕಿಂತ ಹಳೆಯದು. ಅದರ ಎರಡು ಬೇರುಗಳು ಮ್ಯಾಸಚೂಸೆಟ್ಸ್ ರಾಜ್ಯದ ಚಾರ್ಲ್ಸ್ ನದಿಯ ಎರಡು ದಡಗಳಲ್ಲಿ, 1841ರ ಒಂದೇ ವರ್ಷದಲ್ಲಿ ಕಾಣಸಿಗುತ್ತವೆ.

ಆ ವರ್ಷದ ಮಾರ್ಚಿನಲ್ಲಿ ಈಸ್ಟ್ ಕೇಂಬ್ರಿಜ್ ಸೆರೆಮನೆಯ ಹೆಂಗಸರಿಗೆ ಭಾನುವಾರದ ಧರ್ಮಪಾಠ ಹೇಳಲು ಹೋದ ಶಿಕ್ಷಕಿ ಡೊರೊಥಿಯಾ ಡಿಕ್ಸ್, ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಬೆಂಕಿಯ ಕಾವಿಲ್ಲದ ಕೋಣೆಗಳಲ್ಲಿ ಇರಿಸಿದ್ದನ್ನು ಕಂಡಳು. ರಾಜ್ಯದ ಸೆರೆಮನೆಗಳನ್ನೂ ಬಡವರ ಆಶ್ರಯಗೃಹಗಳನ್ನೂ ಸುತ್ತಿ ಬಂದು 1843ರಲ್ಲಿ ಅವಳು ಶಾಸನಸಭೆಗೆ ಸಲ್ಲಿಸಿದ ಮನವಿಯ ಫಲವಾಗಿ ವೂಸ್ಟರ್‌ನ ಮಾನಸಿಕ ಆಸ್ಪತ್ರೆ ವಿಸ್ತಾರಗೊಂಡಿತು. ಮುಂದೆ ಹಲವು ರಾಜ್ಯಗಳಲ್ಲಿ ಹೊಸ ಆಸ್ಪತ್ರೆಗಳು ಎದ್ದವು. ಅವಳು ಕಂಡುಕೊಂಡ ಪರಿಹಾರ ಕಟ್ಟಡದ್ದಾಗಿತ್ತು: ರೋಗಿಯನ್ನು ಸೆರೆಮನೆಯಿಂದ ಬಿಡಿಸಿ ಆಸ್ಪತ್ರೆಗೆ ಸೇರಿಸಿದರೆ ಸಮಸ್ಯೆ ಮುಗಿಯುತ್ತದೆಂಬ ನಂಬಿಕೆ ಅದರ ಹಿಂದಿತ್ತು.

ನದಿಯ ಈಚೆ, ಬೋಸ್ಟನ್ನಿನಲ್ಲಿ, 1841ರ ಆಗಸ್ಟಿನಲ್ಲಿ ಬೂಟು ತಯಾರಿಸುವ ಜಾನ್ ಆಗಸ್ಟಸ್ ಎಂಬಾತ ಪೊಲೀಸ್ ನ್ಯಾಯಾಲಯದಲ್ಲಿ ಕುಡುಕತನದ ಆರೋಪಿಯೊಬ್ಬನಿಗೆ ಜಾಮೀನು ನಿಂತ. ಆಗಸ್ಟಸ್ ಪಾನವರ್ಜನ ಸಂಘದ ಸದಸ್ಯ. ಮುಂದೆ ಕುಡಿಯುವುದಿಲ್ಲವೆಂಬ ಪ್ರತಿಜ್ಞೆಗೆ ಸಹಿ ಹಾಕಿದ ಆ ಮನುಷ್ಯ ಮೂರು ವಾರಗಳ ನಂತರ ಗುರುತೇ ಸಿಗದಷ್ಟು ಬದಲಾಗಿ ಬಂದು ನಿಂತಾಗ ನ್ಯಾಯಾಧೀಶರು ಒಂದು ಸೆಂಟ್ ದಂಡ ಮತ್ತು ನ್ಯಾಯಾಲಯದ ವೆಚ್ಚವನ್ನಷ್ಟೇ ವಿಧಿಸಿದರು. ಮುಂದಿನ ಹದಿನೇಳು ವರ್ಷಗಳಲ್ಲಿ ಆಗಸ್ಟಸ್ 1,946 ಮಂದಿಗೆ ಜಾಮೀನಾದನೆಂದು ದಾಖಲೆಗಳು ಹೇಳುತ್ತವೆ. ಆರೋಪಿಯ ವಯಸ್ಸು, ಹಿಂದಿನ ನಡತೆ, ಒಡನಾಟಗಳನ್ನು ಮೊದಲು ವಿಚಾರಿಸಿ, ಬಿಡುಗಡೆಯಾದವನಿಗೆ ಇರಲು ಜಾಗವನ್ನೂ ದುಡಿಯಲು ಕೆಲಸವನ್ನೂ ಹುಡುಕಿಕೊಟ್ಟು, ಅವನ ವರ್ತನೆಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೇಳಿದಾಗ ನ್ಯಾಯಾಲಯಕ್ಕೆ ವರದಿ ಒಪ್ಪಿಸುತ್ತಿದ್ದ ಆತನ ಕ್ರಮದಲ್ಲಿ ಇಂದಿನ ಪ್ರಕರಣ ನಿರ್ವಾಹಕನ ದಿನಚರಿಯ ಬಹುಭಾಗ ಆಗಲೇ ಇದೆ. ಆದರೆ ಸುಧಾರಿಸುವ ಭರವಸೆಯುಳ್ಳವರನ್ನೇ, ಹೆಚ್ಚಾಗಿ ಮೊದಲ ಬಾರಿ ಸಿಕ್ಕಿಬಿದ್ದವರನ್ನೇ, ಆತ ಆರಿಸಿಕೊಳ್ಳುತ್ತಿದ್ದನಾದ್ದರಿಂದ ಅವನ ಯಶಸ್ಸಿನ ಲೆಕ್ಕವನ್ನು ಆ ಎಚ್ಚರದಲ್ಲೇ ಓದಬೇಕು. ನ್ಯಾಯಾಲಯದ ಸಿಬ್ಬಂದಿಗೆ ಅವನೆಂದರೆ ಆಗುತ್ತಿರಲಿಲ್ಲ. ಸೆರೆಮನೆಗೆ ಕಳುಹಿಸಿದ ಪ್ರತಿಯೊಬ್ಬನ ಲೆಕ್ಕದಲ್ಲಿ ಅವರಿಗೆ ಶುಲ್ಕ ಸಿಗುತ್ತಿದ್ದುದರಿಂದ ಆಗಸ್ಟಸ್‌ನ ಒಂದೊಂದು ಜಾಮೀನೂ ಅವರ ಜೇಬಿಗೆ ಕತ್ತರಿಯಾಗುತ್ತಿತ್ತು.

ಆತ 1859ರಲ್ಲಿ ತೀರಿಕೊಂಡ. ಮ್ಯಾಸಚೂಸೆಟ್ಸ್ 1878ರಲ್ಲಿ ಬೋಸ್ಟನ್ನಿಗೆ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸಲು ಕಾಯ್ದೆ ಮಾಡಿತು. ಪ್ರೊಬೇಷನ್ ಎಂದರೆ ಶಿಕ್ಷೆಯನ್ನು ತಡೆಹಿಡಿದು, ಮೇಲ್ವಿಚಾರಣೆಯಲ್ಲಿ ಅಪರಾಧಿಯನ್ನು ಸಮಾಜದೊಳಗೇ ಇರಗೊಡುವ ವ್ಯವಸ್ಥೆ. ಭಾರತದಲ್ಲಿ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಇದೇ ವಂಶಕ್ಕೆ ಸೇರಿದ್ದು. ಡಿಕ್ಸಳ ಆಸ್ಪತ್ರೆಗಳು ಮಾತ್ರ ಬೇರೆಯೇ ಹಾದಿ ಹಿಡಿದು ಹಿಗ್ಗುತ್ತ ಹೋಗಿ, 1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ತುಂಬಿಕೊಂಡಿದ್ದರು.

ಅನಂತರ ಅವು ಬರಿದಾದ ವೇಗ ಅಚ್ಚರಿಯದು. ಹೊಸ ಔಷಧಗಳೂ, ಆಸ್ಪತ್ರೆಯ ವೆಚ್ಚದ ಭಾರವೂ, ಒತ್ತಾಯದ ದಾಖಲಾತಿಯ ವಿರುದ್ಧದ ಕಾನೂನುಗಳೂ ಕೂಡಿ ರೋಗಿಗಳನ್ನು ಹೊರಗೆ ಕಳುಹಿಸಿದವು. ಅಧ್ಯಕ್ಷ ಕೆನಡಿ 1963ರಲ್ಲಿ ಸಹಿ ಹಾಕಿದ ಕಾಯ್ದೆ ಉದ್ದೇಶಿಸಿದ್ದ ಸಮುದಾಯ ಕೇಂದ್ರಗಳಲ್ಲಿ ಬಹಳಷ್ಟು ಕಾಗದದ ಮೇಲೆಯೇ ಉಳಿದವು. ಕ್ಯಾಲಿಫೋರ್ನಿಯಾದ ಮನೋವೈದ್ಯ ಮಾರ್ಕ್ ಅಬ್ರಾಮ್ಸನ್ 1972ರಲ್ಲಿ, ಆಸ್ಪತ್ರೆಗೆ ಹೋಗಬೇಕಾದವರು ಸಣ್ಣಪುಟ್ಟ ಆರೋಪಗಳ ಮೇಲೆ ಸೆರೆಮನೆ ಸೇರುತ್ತಿದ್ದಾರೆಂದು ಬರೆದ. ಎಂದರೆ ಡಿಕ್ಸ್ ಕಂಡ ದೃಶ್ಯ ನೂರಮೂವತ್ತು ವರ್ಷಗಳ ನಂತರ ಮರಳಿತ್ತು. ಈ ಸಲ ಅವರನ್ನು ಸೇರಿಸಲು ಕಟ್ಟಡವಿರಲಿಲ್ಲ. ಆಗ ಉಳಿದದ್ದು ಆಗಸ್ಟಸ್‌ನ ಹಾದಿ. ಅದೇ ವರ್ಷ ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ಟಾಸ್ಕ್ ಎಂಬ ಯೋಜನೆ ಆರಂಭವಾಗಿ, ಬಂಧಿತ ವ್ಯಸನಿಗಳನ್ನು ಗುರುತಿಸಿ ಚಿಕಿತ್ಸೆಗೆ ಸೇರಿಸಿ ಅವರ ಪ್ರಗತಿಯನ್ನು ನ್ಯಾಯಾಲಯಕ್ಕೆ ತಿಳಿಸತೊಡಗಿತು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಲೆನರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್ ಮೊದಲಾದವರು ಆಸ್ಪತ್ರೆಯ ವಾರ್ಡಿನ ಸಿಬ್ಬಂದಿಯನ್ನೇ ರೋಗಿಗಳ ಮನೆಗಳಿಗೆ, ಅಂಗಡಿ ಬೀದಿಗಳಿಗೆ ಕಳುಹಿಸಿದರು. ಅಡುಗೆ, ಬಸ್ ಪ್ರಯಾಣ, ಬಾಡಿಗೆ ಕಟ್ಟುವುದು ಇವೆಲ್ಲ ಚಿಕಿತ್ಸೆಯ ಅಂಗಗಳಾದವು. ಮುಂದೆ ಈ ಮಾದರಿಯನ್ನೇ ನ್ಯಾಯಾಲಯದ ನಂಟಿರುವ ರೋಗಿಗಳಿಗೂ ಹೊಂದಿಸಿಕೊಳ್ಳಲಾಯಿತು.

ಮಯಾಮಿಯಲ್ಲಿ 1989ರಲ್ಲಿ ಮಾದಕವಸ್ತು ನ್ಯಾಯಾಲಯವೂ, ಅದೇ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 1997ರಲ್ಲಿ ಮಾನಸಿಕ ಆರೋಗ್ಯ ನ್ಯಾಯಾಲಯವೂ ಆರಂಭವಾದ ಮೇಲೆ ಪ್ರಕರಣ ನಿರ್ವಾಹಕನಿಗೆ ನ್ಯಾಯಾಧೀಶರ ಪಕ್ಕದಲ್ಲೇ ಸ್ಥಾನ ಸಿಕ್ಕಿತು. ಆದರೆ ಸಲಹೆಗಾರನೂ ವರದಿಗಾರನೂ ಒಬ್ಬನೇ ಆಗಿರುವ ತೊಡಕು ಅಲ್ಲಿ ಇನ್ನಷ್ಟು ಬಿಗಿಯಾಯಿತು. ಮಾದಕವಸ್ತು ನ್ಯಾಯಾಲಯಗಳಲ್ಲಿ ಮೂತ್ರಪರೀಕ್ಷೆಯ ಫಲಿತಾಂಶ ತಂಡದ ಮುಂದೆ ಬರುತ್ತದೆ, ಮತ್ತೆ ಮತ್ತೆ ತಪ್ಪಿದವನನ್ನು ಕೆಲವು ದಿನಗಳ ಮಟ್ಟಿಗೆ ಸೆರೆಗೆ ಕಳುಹಿಸಲೂಬಹುದು. ವರದಿಯನ್ನು ಆಗಸ್ಟಸ್ ಕೂಡ ಕೊಡುತ್ತಿದ್ದ. ಆದರೆ ಆರೋಪಿ ತಲೆಮರೆಸಿಕೊಂಡರೆ ಜಾಮೀನಿನ ಹಣ ಹೋಗುತ್ತಿದ್ದುದು ಅವನದೇ.