ಐದು ಮೀಟರ್ ಚೌಕದ ಲೆಕ್ಕ

ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಕೊಯ್ಲಿಗೆ ಬಂತೆಂದರೆ ದಾವಣಗೆರೆ, ಹರಿಹರ ಸೀಮೆಯ ಕೆಲವು ಗದ್ದೆಗಳಿಗೆ ಹಗ್ಗ, ಗೂಟ, ತಕ್ಕಡಿ ಹಿಡಿದ ಸಿಬ್ಬಂದಿ ಇಳಿಯುತ್ತಾರೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಗುರುತಿಸಿ, ಅಷ್ಟನ್ನೇ ಕೊಯ್ದು, ಬಡಿದು, ತೂಗುತ್ತಾರೆ. ಇದು ಬೆಳೆ ಕಟಾವು ಪ್ರಯೋಗ. ಒಂದು ಎಕರೆಗೆ ಇಂಥ ಸುಮಾರು 162 ಚೌಕ. ತೂಕದಲ್ಲಿ ಒಂದು ಕೆಜಿ ಹೆಚ್ಚುಕಮ್ಮಿಯಾದರೆ ಎಕರೆ ಲೆಕ್ಕದಲ್ಲಿ ಒಂದೂವರೆ ಕ್ವಿಂಟಲ್ ಮೀರಿ ತಪ್ಪುತ್ತದೆ. ಬೆಳೆ ವಿಮೆಯ ಪರಿಹಾರ ಈ ಲೆಕ್ಕವನ್ನೇ ನೆಚ್ಚಿಕೊಂಡಿರುವುದರಿಂದ ಬದುವಿನ ಮೇಲೆ ನಿಂತವರ ಕಣ್ಣು ತಕ್ಕಡಿ ಬಿಟ್ಟು ಕದಲುವುದಿಲ್ಲ.

ಹಿಡಿಯಷ್ಟು ನೋಡಿ ರಾಶಿಯ ಬಗ್ಗೆ ಎಷ್ಟು ಧೈರ್ಯದಿಂದ ಮಾತಾಡಬಹುದು? ಸಂಖ್ಯಾಶಾಸ್ತ್ರ ಕಳೆದ ನೂರು ಚಿಲ್ಲರೆ ವರ್ಷ ಬೆಳೆದದ್ದು ಈ ಪ್ರಶ್ನೆಯ ಬೆನ್ನು ಹತ್ತಿಯೇ.

1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಹೊಲಗಳಲ್ಲಿ ಮಾದರಿ ಸಮೀಕ್ಷೆ ನಡೆಸಿದರು. ಚೌಕ ಎಷ್ಟು ದೊಡ್ಡದಿರಬೇಕು ಎಂಬ ಬಗ್ಗೆ ಅವರಿಗೂ ಮತ್ತೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆಯವರಿಗೂ ಜಟಾಪಟಿಯೇ ನಡೆಯಿತು. ಚೌಕ ಚಿಕ್ಕದಾದರೆ ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದು ಸುಖಾತ್ಮೆ 1946ರಲ್ಲಿ ಬರೆದರು. ಕಾರಣ ಸರಳ: ಹಗ್ಗದ ಮೇಲಿನ ತೆಂಡೆಯನ್ನು ಕೊಯ್ಯುವ ಕೈ ಒಳಗೇ ಸೇರಿಸಿಕೊಳ್ಳುತ್ತದೆ. ಸುತ್ತಲೂ 10 ಸೆಂ.ಮೀ. ಜಾಸ್ತಿ ಕೊಯ್ದರೆ ಐದು ಮೀಟರ್ ಚೌಕದಲ್ಲಿ ಶೇ 8ರಷ್ಟು ಹೆಚ್ಚುತ್ತದೆ. ಒಂದು ಮೀಟರ್ ಚೌಕದಲ್ಲಾದರೆ ಶೇ 44! ಇಂಥ ಒಂದೇ ಕಡೆ ವಾಲುವ ತಪ್ಪು ಎಷ್ಟು ಗದ್ದೆ ಕೊಯ್ದರೂ ಹೋಗುವುದಿಲ್ಲ.

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಅದು ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ ಸರಿ. ನಾಲೆಯ ಮೊದಲ ಭಾಗದವರಿಗೂ ಮಲೇಬೆನ್ನೂರು, ಹರಿಹರ ಕಡೆಯ ಕೊನೆ ಭಾಗದವರಿಗೂ ನೀರು ಒಂದೇ ಸಮ ಸಿಗದ ಅಚ್ಚುಕಟ್ಟಿಗೆ ಅದು ಸಲ್ಲದು. ಪೋಲೆಂಡ್ ಮೂಲದ ಜೆರ್ಜಿ ನೇಮನ್ 1934ರಲ್ಲಿ ತೋರಿಸಿದ ದಾರಿಯೆಂದರೆ, ಮೊದಲು ಭಾಗ ಮಾಡಿಕೊಂಡು, ಆಮೇಲೆ ಪ್ರತಿ ಭಾಗದಿಂದ ಚೀಟಿ ಎತ್ತಿದಂತೆ ಆರಿಸುವುದು. ಸರಾಸರಿಯ ಜೊತೆಗೆ ಅಂಕಿಗಳು ಎಷ್ಟು ಚದುರಿವೆ ಎಂದೂ ಹೇಳಬೇಕು. ಆ ಅಳತೆಗೆ, ಅಂದರೆ ಮಾನಕ ವಿಚಲನೆಗೆ, 1890ರ ದಶಕದಲ್ಲಿ ಹೆಸರಿಟ್ಟವರು ಕಾರ್ಲ್ ಪಿಯರ್ಸನ್.

ಎಪಿಎಂಸಿಯ ದರಪಟ್ಟಿ ಈ ಚದುರುವಿಕೆಯನ್ನು ತನ್ನದೇ ರೀತಿಯಲ್ಲಿ ಹೇಳುತ್ತದೆ: ಕನಿಷ್ಠ, ಗರಿಷ್ಠ, ಮಾದರಿ. ಇಲ್ಲಿ ಮಾದರಿ ಎಂದರೆ ಹೆಚ್ಚು ಮಾಲು ಮಾರಾಟವಾದ ದರ. ಸಮೀಕ್ಷೆಯಲ್ಲಿ ಅದೇ ಪದಕ್ಕೆ ಆರಿಸಿಕೊಂಡ ಹಿಡಿ ಎಂಬ ಅರ್ಥ. ಕನ್ನಡದಲ್ಲಿ ಪ್ರಬಂಧ ಬರೆಯುವವರನ್ನು ಈ ಒಂದು ಪದ ಚೆನ್ನಾಗಿಯೇ ಗೊಂದಲಕ್ಕೆ ಕೆಡವಬಲ್ಲದು.

ದಾವಣಗೆರೆಯ ವೈದ್ಯ ಮತ್ತು ದಂತವೈದ್ಯ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕು. ಅಲ್ಲಿ 'ಪಿ' ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ನಿಟ್ಟುಸಿರು. ಈ ಗಡಿಯನ್ನು ಚಾಲ್ತಿಗೆ ತಂದದ್ದು ಆರ್.ಎ. ಫಿಷರ್ ಅವರ 1925ರ ಪುಸ್ತಕ. ಎರಡು ಔಷಧಗಳಿಗೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ, ಕಂಡಷ್ಟು ಅಥವಾ ಅದಕ್ಕೂ ದೊಡ್ಡ ಅಂತರ ಬರೀ ಅದೃಷ್ಟದಿಂದ ಬರುವ ಸಂಭವವೆಷ್ಟು ಎಂಬುದಷ್ಟೇ 'ಪಿ' ಮೌಲ್ಯದ ಅರ್ಥ. ಔಷಧ ಎಷ್ಟು ಗುಣ ಕೊಡುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಈ ಬಗ್ಗೆ ಹೇಳಿಕೆ ಹೊರಡಿಸಿಯೇ ಎಚ್ಚರಿಸಬೇಕಾಯಿತು.

ಇನ್ನು ಹತ್ತಿರದ ಹೆಸರೊಂದಿದೆ. ಹರಿಹರ ದಾಟಿದ ತುಂಗಭದ್ರೆ ಮುಂದೆ ಹೂವಿನಹಡಗಲಿ ತಾಲ್ಲೂಕಿನ ಅಂಚು ಸವರುತ್ತದೆ. ಆ ಹಡಗಲಿಯ ತೆಲುಗು ಮನೆಯೊಂದರಲ್ಲಿ 1920ರಲ್ಲಿ ಹುಟ್ಟಿದವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಕಲ್ಕತ್ತೆಯಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಗೆ ರಾತ್ರಿಯೆಲ್ಲ ಕೂತು ಉತ್ತರ ಹುಡುಕಿದರು. 1945ರಲ್ಲಿ ಅದು ಅಚ್ಚಾಯಿತು. ಕೈಯಲ್ಲಿರುವ ಅಂಕಿಗಳಿಂದ ಯಾವ ಕಡೆಗೂ ವಾಲದ ಅಂದಾಜು ಕಟ್ಟುವವರು ಎಂಥ ಜಾಣರಾದರೂ ಇಷ್ಟಕ್ಕಿಂತ ನಿಖರವಾಗಲಾರರು ಎಂಬ ಮಿತಿ ಅದು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ರಾವ್ ಅವರಿಗೆ 102 ವರ್ಷ. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಹಡಗಲಿಯ ದಾರಿಯಲ್ಲಿ ಸಿಗುವ ಹರಪನಹಳ್ಳಿ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. 2011ರ ಜನಗಣತಿ ಕೊಟ್ಟ 19,45,497 ಎಂಬ ಜಿಲ್ಲಾ ಸಂಖ್ಯೆಯಲ್ಲಿ ಆ ತಾಲ್ಲೂಕೂ ಸೇರಿದೆ. ಆಗಿನ ಜಿಲ್ಲಾ ಸರಾಸರಿಯನ್ನು ಈಗಿನದಕ್ಕೆ ಹೋಲಿಸಲು ಕೂರುವ ಸಂಶೋಧಕರು ಮೊದಲು ಹರಪನಹಳ್ಳಿಯ ಅಂಕಿ ಕಳೆದು, ಉಳಿದ ತಾಲ್ಲೂಕುಗಳನ್ನು ಹೊಸದಾಗಿ ಕೂಡಿಸಿಕೊಳ್ಳಬೇಕು.