ಮಾಲಿಯ ಸಿಮೆಂಟ್ ಕಾರ್ಖಾನೆಯಿಂದ ಮೂವರು: ಸಾಹೇಲ್ ಹೊತ್ತಿಕೊಂಡ ಕತೆ

ತಾಂಡ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಟೀ ಕುಡೀತಾ ಇದನ್ನ ಓದ್ತಿದ್ದೀರಾ? ಹಾಗಾದ್ರೆ ಈ ಕತೆ ನಿಮಗೂ ಬೇಕು.

2025ರ ಜುಲೈ 1. ಪಶ್ಚಿಮ ಆಫ್ರಿಕಾದ ಮಾಲಿ. ಕಾಯೆಸ್ ಊರಿನ ಸಿಮೆಂಟ್ ಕಾರ್ಖಾನೆಗೆ ನುಗ್ಗಿದ ಬಂದೂಕುಧಾರಿಗಳು ಮೂವರು ಭಾರತೀಯ ನೌಕರರನ್ನು ಎತ್ತಿಕೊಂಡು ಹೋದರು. ನಮ್ಮ ನಿಮ್ಮಂತೆ ದುಡಿಯೋಕೆ ಹೋದವರು.

ಇದು ಶುರುವಾದದ್ದೆಲ್ಲಿ? 2011ರಲ್ಲಿ ಲಿಬಿಯಾದ ಗಡಾಫಿ ಬಿದ್ದ. ಅವನ ಪಡೆಯಲ್ಲಿದ್ದ ಟುವಾರೆಗ್ ಜನ ಬಂದೂಕು ಸಮೇತ ಮಾಲಿಗೆ ಮರಳಿದರು. 2012ರಲ್ಲಿ ಅವರು ಎಬ್ಬಿಸಿದ ದಂಗೆಯನ್ನು ಅಲ್ ಖೈದಾ ನಂಟಿನ ಗುಂಪುಗಳು ಕಬಳಿಸಿ, ಟಿಂಬಕ್ಟು ಹಿಡಿದವು. 2013ರಲ್ಲಿ ಫ್ರೆಂಚ್ ಸೇನೆ ಪಟ್ಟಣಗಳಿಂದ ಓಡಿಸಿತು. ಆದ್ರೆ ಅವರು ಮುಗಿಯಲಿಲ್ಲ, ಹಳ್ಳಿಗೆ ಇಳಿದರು.

ಹೇಗೆ ಬೆಳೆದರು ಗೊತ್ತಾ? ಸರ್ಕಾರದ ಮುಖವೇ ಕಾಣದ ಊರುಗಳಲ್ಲಿ ದನಗಾಹಿಗಳಿಗೂ ರೈತರಿಗೂ ಮೇವು, ನೀರು, ಜಮೀನಿನ ಜಗಳ. ಅಲ್ಲಿ ಇವರೇ ನ್ಯಾಯ ಹೇಳಿದರು, ಇವರೇ ತೆರಿಗೆ ಎತ್ತಿದರು. ಒಪ್ಪದವರನ್ನು ಕೊಂದರು. ಬೆಂಕಿ ಗಡಿ ದಾಟಿ ಬುರ್ಕಿನಾ ಫಾಸೊ, ನೈಜರ್‌ಗೂ ಹಬ್ಬಿತು.

ಆಮೇಲೆ ಸರ್ಕಾರಗಳೇ ಉರುಳಿದವು. 2020ರಲ್ಲಿ ಮಾಲಿ, 2022ರಲ್ಲಿ ಬುರ್ಕಿನಾ ಫಾಸೊ, 2023ರಲ್ಲಿ ನೈಜರ್. ‘ರಕ್ಷಣೆ ಕೊಡ್ತೀವಿ’ ಅಂದ ಸೈನಿಕರು ಕುರ್ಚಿ ಹಿಡಿದರು, ದಾಳಿ ಮಾತ್ರ ನಿಲ್ಲಲಿಲ್ಲ.

ಒಂದು ಮಾತು ಮರೀಬೇಡಿ. ಧರ್ಮದ ಹೆಸರಲ್ಲಿ ನಡೆದ ಈ ಯುದ್ಧದಲ್ಲಿ ಹೆಚ್ಚಾಗಿ ಸತ್ತವರು ಅಲ್ಲಿನ ಬಡ ಮುಸ್ಲಿಮರೇ.

ವಿದೇಶದ ಕೆಲಸ ಬಂದ್ರೆ ಏಜೆಂಟ್ ಸಂಬಳ ಹೇಳ್ತಾನೆ. ನಕಾಶೆ ಮಾತ್ರ ನೀವೇ ತೆಗೆದು ನೋಡಿ. ಹೊರಡೋಕೆ ಸಿದ್ಧ ಇರೋ ಗೆಳೆಯನಿಗೂ ಇದನ್ನ ಕಳಿಸಿ.