ಚಲಿಸುವ ಬಾಹ್ಯಾಕಾಶ ನಿಲ್ದಾಣ: ಗೇಮ್ ವಿನ್ಯಾಸದ ನಾಲ್ಕು ದಶಕ

ವೈಜ್ಞಾನಿಕ ಕಥೆಯ ಗೇಮ್‌ಗಳಲ್ಲಿ ದೈತ್ಯ ನಿಲ್ದಾಣವೊಂದನ್ನು ಕಟ್ಟುವುದು ಸುಲಭ. ಅದು ಜಾಗ ಬಿಟ್ಟು ಹೊರಟಾಗ ಏನೋ ದೊಡ್ಡದು ನಡೆಯಿತು ಎಂದು ಆಟಗಾರರಿಗೆ ಅನ್ನಿಸಬೇಕಲ್ಲ, ಕಷ್ಟವಿರುವುದು ಅಲ್ಲಿ. ನಾಲ್ಕು ದಶಕಗಳ ವಿನ್ಯಾಸಗಳನ್ನು ಸಾಲಾಗಿಟ್ಟು ನೋಡಿದರೆ, ಚಲನೆಗೆ ಬೆಲೆ ಕಟ್ಟಿದವೇ ಮನಸ್ಸಿನಲ್ಲಿ ಉಳಿದಿವೆ.

ಗೇಮ್‌ಗಳಿಗೆ ಮಾದರಿಗಳು ಮೊದಲೇ ಸಿದ್ಧವಿದ್ದವು. 1952ರಲ್ಲಿ ವರ್ನರ್ ಫಾನ್ ಬ್ರೌನ್ ಅಮೆರಿಕದ ‘ಕೋಲಿಯರ್ಸ್’ ಪತ್ರಿಕೆಯಲ್ಲಿ ತಿರುಗುವ ಚಕ್ರದಂಥ ನಿಲ್ದಾಣವನ್ನು ಜನರ ಮುಂದಿಟ್ಟರು. 1975ರಲ್ಲಿ ನಾಸಾದ ಅಧ್ಯಯನವೊಂದು ರೂಪಿಸಿದ ಸ್ಟ್ಯಾನ್‌ಫರ್ಡ್ ಟೋರಸ್ 10,000 ಜನರ ಊರು. ಸುಮಾರು 1.8 ಕಿ.ಮೀ. ವ್ಯಾಸದ ಈ ಉಂಗುರ ನಿಮಿಷಕ್ಕೊಂದು ಸುತ್ತು ತಿರುಗಿದರೆ, ಒಳಗಿನವರಿಗೆ ಭೂಮಿಯಷ್ಟೇ ಗುರುತ್ವದ ಅನುಭವ. ಇವು ಕಕ್ಷೆ ಬಿಟ್ಟು ಕದಲುವಂಥವಲ್ಲ. ನಿಲ್ದಾಣವೇ ಎದ್ದು ಬರಬಲ್ಲದು ಎಂಬ ದಿಗಿಲನ್ನು ಮನೆಮಾತಾಗಿಸಿದ್ದು 1977ರ ‘ಸ್ಟಾರ್ ವಾರ್ಸ್’ ಚಿತ್ರದ ಡೆತ್ ಸ್ಟಾರ್.

ಗೇಮ್‌ಗಳ ಕಡೆಯಿಂದ ಮೊದಲ ದೊಡ್ಡ ಹೆಜ್ಜೆ 1984ರ ‘ಎಲೀಟ್’. ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಇದನ್ನು 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆಂದು ಬರೆದರು. ಇದರ ನಿಲ್ದಾಣ ಬರೀ ಗೆರೆಗಳ ಚಿತ್ರ. ಆದರೂ ಅದು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಒಳಹೋಗಬೇಕಾದವರು ತಮ್ಮ ನೌಕೆಯನ್ನೂ ಅದೇ ವೇಗದಲ್ಲಿ ತಿರುಗಿಸುತ್ತ ಕಿರಿದಾದ ಸೀಳಿನೊಳಗೆ ನುಗ್ಗಬೇಕು. ಲೆಕ್ಕ ತಪ್ಪಿದರೆ ಗೋಡೆಗೆ ಅಪ್ಪಳಿಸಿ ನೌಕೆ ನುಚ್ಚುನೂರು. ಆ ಭಯವೇ ಗೆರೆಗಳಿಗೆ ತೂಕ ಕೊಟ್ಟಿತು.

ನಿಲ್ದಾಣವೇ ಪ್ರಯಾಣ ಹೊರಟಿದ್ದು 1999ರಲ್ಲಿ, ಕೆನಡಾದ ರೆಲಿಕ್ ಸಂಸ್ಥೆಯ ‘ಹೋಮ್‌ವರ್ಲ್ಡ್’ನಲ್ಲಿ. ಇದರ ಮದರ್‌ಶಿಪ್ ನೌಕೆಯೂ ಹೌದು, ಕಾರ್ಖಾನೆಯೂ ಹೌದು, ಆರು ಲಕ್ಷ ನಿರಾಶ್ರಿತರನ್ನು ಶೀತನಿದ್ರೆಯಲ್ಲಿ ಹೊತ್ತ ಮನೆಯೂ ಹೌದು. ಉಳಿದ ನೌಕೆಗಳು ಅಡ್ಡಕ್ಕೆ ಚಾಚಿಕೊಂಡಿದ್ದರೆ ಇದೊಂದು ಮಾತ್ರ ಬಾಗಿದ ಗೋಪುರದಂತೆ ನೆಟ್ಟಗೆ ನಿಂತಿದೆ. ಹಾಗಾಗಿ ಮೇಲು-ಕೆಳಗಿಲ್ಲದ ಶೂನ್ಯದಲ್ಲೂ ಕಣ್ಣು ಇದನ್ನೇ ಆಧಾರವಾಗಿ ಹಿಡಿಯುತ್ತದೆ. ಒಂದು ಹಂತದಲ್ಲಿ ಕಳೆದುಕೊಂಡ ನೌಕೆ ಮುಂದಿನ ಹಂತಕ್ಕೂ ಇರುವುದಿಲ್ಲ. ಪ್ರತಿ ಜಿಗಿತಕ್ಕೂ ಮುನ್ನ ಎದೆ ಡವಗುಟ್ಟುವುದು ಇದರಿಂದಲೇ.

ಮುಂದಿನದು ನಗರಗಳ ಸರದಿ. ‘ಹೇಲೋ 2’ (2004) ಗೇಮ್‌ನ ಹೈ ಚಾರಿಟಿ, ಶತ್ರುಗಳ ಸಂಚಾರಿ ರಾಜಧಾನಿ. ಅದರ ನಟ್ಟನಡುವೆ ನಿಂತ ಪುರಾತನ ನೌಕೆಯೇ ಇಡೀ ನಗರಕ್ಕೆ ಶಕ್ತಿಮೂಲ. ಆ ನೌಕೆ ಹೊರಟುಹೋದಾಗ ನಗರ ಕಂಗೆಡುತ್ತದೆ. ‘ಮಾಸ್ ಎಫೆಕ್ಟ್’ (2007) ಸರಣಿಯ ಸಿಟಡೆಲ್ ಸುಮಾರು 45 ಕಿ.ಮೀ. ಉದ್ದದ್ದು. ಎರಡು ಗೇಮ್‌ಗಳ ಕಾಲ ಕದಲದಿದ್ದ ಅದು ಮೂರನೆಯದರಲ್ಲಿ ಭೂಮಿಯ ಬಳಿಗೇ ಬಂದು ನಿಂತಾಗ ಆಟಗಾರರು ಬೆಚ್ಚಿಬಿದ್ದರು.

ಇಷ್ಟು ದೊಡ್ಡದನ್ನು ಕಂಪ್ಯೂಟರ್ ತಾಳಿಕೊಳ್ಳಬೇಕಲ್ಲ! ಸ್ಥಾನವನ್ನು 32 ಬಿಟ್‌ನ ದಶಮಾಂಶ ಸಂಖ್ಯೆಯಲ್ಲಿ ಇಟ್ಟರೆ, ಮೂಲಬಿಂದುವಿನಿಂದ 100 ಕಿ.ಮೀ. ಆಚೆ ಸುಮಾರು 8 ಮಿಲಿಮೀಟರಿಗಿಂತ ಸಣ್ಣ ಚಲನೆ ದಾಖಲಾಗುವುದೇ ಇಲ್ಲ. ವಸ್ತುಗಳು ನಡುಗತೊಡಗುತ್ತವೆ. ಆಟಗಾರರನ್ನೇ ಕೇಂದ್ರದಲ್ಲಿಟ್ಟು ಸುತ್ತಲಿನ ಲೋಕವನ್ನು ಸರಿಸುವುದು ಇದಕ್ಕೆ ಕಂಡುಕೊಂಡ ದಾರಿ; ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಮಾಡಿದ್ದೂ ಇದನ್ನೇ. ಇನ್ನು ಕಣ್ಣಿನ ಪ್ರಶ್ನೆ. ಹಗ್ಗ ಹಿಡಿದ ಜನರಿಂದ ತೇರಿನ ಎತ್ತರ ತಿಳಿಯುವಂತೆ, ಸಾಲು ಕಿಟಕಿ, ಮಿನುಗುವ ದೀಪ, ಪಕ್ಕದಲ್ಲಿ ಹಾಯುವ ಪುಟ್ಟ ನೌಕೆಗಳಿಂದಲೇ ನಿಲ್ದಾಣದ ಅಳತೆ ಸಿಗುತ್ತದೆ.

2020ರಲ್ಲಿ ‘ಎಲೀಟ್ ಡೇಂಜರಸ್’ ಚಲಿಸುವ ನಿಲ್ದಾಣವನ್ನು ಆಟಗಾರರ ಕೈಗೇ ಕೊಟ್ಟಿತು. ಇದರ ಫ್ಲೀಟ್ ಕ್ಯಾರಿಯರ್‌ನಲ್ಲಿ 16 ಇಳಿದಾಣಗಳಿವೆ; ಒಂದೇ ಜಿಗಿತಕ್ಕೆ 500 ಜ್ಯೋತಿರ್ವರ್ಷ ದಾಟುತ್ತದೆ. ಆದರೆ ಅದಕ್ಕೆ ಟ್ರಿಟಿಯಂ ಇಂಧನ ಕೂಡಿಡಬೇಕು, ವಾರವಾರವೂ ನಿರ್ವಹಣೆಯ ಖರ್ಚು ಕಟ್ಟಬೇಕು, ಹೊರಡುವ ಮುನ್ನ ಕಾಲು ಗಂಟೆಯಷ್ಟಾದರೂ ಕಾಯಬೇಕು. ಬಂದು ತಂಗಿದ ಬೇರೆ ಆಟಗಾರರ ನೌಕೆಗಳೂ ಜೊತೆಗೇ ಸಾಗುತ್ತವೆ. ಈ ಕಾಯುವಿಕೆ ಬೇಸರ ತರಿಸಬಹುದು. ಅದನ್ನು ತೆಗೆದುಬಿಟ್ಟರೆ ನಿಲ್ದಾಣ ಇನ್ನೊಂದು ನೌಕೆಯಾಗಿಬಿಡುತ್ತದೆ.

ಹೊಸದಾಗಿ ಇಂಥ ನಿಲ್ದಾಣ ಕಟ್ಟಲು ಹೊರಟವರು ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು: ಇದನ್ನು ನಡೆಸುವ ಶಕ್ತಿ ಯಾವುದು, ಒಳಗೆ ಬದುಕುವವರು ಯಾರು, ಹೊರಟಾಗ ಹಿಂದೆ ಉಳಿಯುವುದೇನು? ಇವಕ್ಕೆ ಉತ್ತರ ಸಿಕ್ಕರೆ ಗಾತ್ರ ತಾನಾಗಿ ಕೂಡಿಬರುತ್ತದೆ.